ಉಪ್ಪು ನೋಡುವ ಬಾಣಲೆ

ಪಿಯೆವಾಲ್ತಾ, ೬ ಮಾರ್ಚ್ ೧೯೮೩

ದೆಲ್ಫಿನಾ,

ನಿನ್ನ ಅಕ್ಕನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ ಎಂದು ತಿಳಿದು ಸಮಾಧಾನವಾಯಿತು. ಎರಡು ವಾರ ಎಂದು ಹೇಳಿ ತ್ರಿಯೆಸ್ತೆಗೆ ಹೋದವಳು ನೀನು. ಇವತ್ತಿಗೆ ಐದು ವಾರವಾಯಿತು. ದೂರುತ್ತಿಲ್ಲ. ಕ್ಯಾಲೆಂಡರು ಅಡುಗೆಮನೆಯಲ್ಲೇ ಇದೆ, ಕಣ್ಣಿಗೆ ಬೀಳುತ್ತದೆ.

ಫೋನಿನಲ್ಲಿ ನಾನು ಕೂಗುತ್ತೇನೆ ಎನ್ನುತ್ತೀಯ. ಹೋದ ಭಾನುವಾರ "ಮೆತ್ತಗೆ ಮಾತಾಡು ಮಾರಾಯ, ನಾನೇನು ಬೆಟ್ಟದಾಚೆ ಇದೀನಾ?" ಅಂದೆ. ಬೆಟ್ಟದಾಚೆಯೇ ಇದ್ದೀಯ, ಇರಲಿ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಡೆಯದಾಗಿ ಕಾಗದ ಬರೆದದ್ದು ಸೈನ್ಯದಲ್ಲಿದ್ದಾಗ, ಅಮ್ಮನಿಗೆ, ಉಣ್ಣೆಯ ಕಾಲುಚೀಲ ಕಳಿಸು ಎಂದು.

ವಿಷಯ ಏನೆಂದರೆ, ನನಗೆ ಸಾಸೇಜ್ ಬೇಯಿಸಲು ಬರುವುದಿಲ್ಲ. ಯಾರಿಗೂ ಹೇಳಬೇಡ. ನಲವತ್ತು ವರ್ಷದಿಂದ ಹಂದಿ ಕೊಯ್ದು, ಮಾಂಸ ಕೊಚ್ಚಿ, ಕರುಳಿಗೆ ತುಂಬಿ, ದಾರ ಕಟ್ಟಿ ಈ ಕಣಿವೆಗೆಲ್ಲ ಮಾರಿದವನು ನಾನು. ಅಂಗಡಿಯ ಬಾಗಿಲು ದಾಟಿದ ಮೇಲೆ ಅದು ಏನಾಗುತ್ತದೆ ಎಂದು ನೋಡಿದವನಲ್ಲ. ತಟ್ಟೆಯಲ್ಲಿ ಬರುತ್ತಿತ್ತು, ತಿನ್ನುತ್ತಿದ್ದೆ. ನಿನ್ನೆ ಮೊದಲ ಸಲ ಒಲೆಯ ಮುಂದೆ ನಿಂತೆ. ಎಣ್ಣೆ ಸುರಿದೆ, ಉರಿ ಜೋರು ಮಾಡಿದೆ, ನಾಲ್ಕು ಸಾಸೇಜ್ ಹಾಕಿದೆ. ನಾಲ್ಕೂ ಸಿಡಿದವು. ಹೊರಗೆ ಇದ್ದಿಲು, ಒಳಗೆ ಹಸಿ. ಎದುರಿನ ಬೇಕರಿಯಿಂದ ನಾಝರೇನಾ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನೋ ಕ್ವಿಂತೊ, ಹಂದೀನ ಎರಡ್ನೇ ಸಲ ಸಾಯಿಸ್ತಿದೀಯಾ?"

"ಕಿಟಕಿ ತೆಗಿ, ಮಾತು ಆಮೇಲೆ," ಅಂದೆ.

"ದೆಲ್ಫಿನಾ ಇದ್ದಿದ್ರೆ ಈ ಮನೇಲಿ ಹೊಗೆ ಕಾಣ್ತಿತ್ತಾ? ಅದಿರ್ಲಿ, ಯಾವಾಗ ಬರ್ತಾಳಂತೆ?"

ಮೂಳೆ ಕೂಡಬೇಕಲ್ಲ ಅಂದೆ.

ಹೇಗೆ ಬೇಯಿಸಬೇಕು, ಬರೆದು ತಿಳಿಸು. ಮೊದಲನೆಯದರಿಂದ ಬರೆ. ಇನ್ನೊಂದು. ಒಲೆಯ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಸಣ್ಣ ಕಬ್ಬಿಣದ ಬಾಣಲೆ ಸಿಗಲಿಲ್ಲ. ದೊಡ್ಡದರಲ್ಲಿ ನಾಲ್ಕು ಸಾಸೇಜ್ ಅನಾಥರಂತೆ ಕಾಣುತ್ತವೆ. ಎಲ್ಲಿಟ್ಟಿದ್ದೀಯ?

ನಿನ್ನ
ಕ್ವಿಂತೊ


ತ್ರಿಯೆಸ್ತೆ, ೧೫ ಮಾರ್ಚ್ ೧೯೮೩

ಕ್ವಿಂತೊ,

ನಿನ್ನ ಅಕ್ಷರ ಇಷ್ಟು ದುಂಡಗಿದೆ ಎಂದು ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ನಾನು ನೋಡಿದ್ದು ಮಾಂಸ ಕಟ್ಟುವ ಕಾಗದದ ಮೇಲೆ ನೀನು ಗೀಚುವ ತೂಕವನ್ನು ಮಾತ್ರ.

ಎಣ್ಣೆ ಬೇಡ. ಮೊದಲ ತಪ್ಪು ಅದು. ಬಾಣಲೆಗೆ ಅರ್ಧ ಬೆರಳು ನೀರು ಹಾಕು, ಸಾಸೇಜ್ ಜೋಡಿಸು, ಚುಚ್ಚಬೇಡ, ಮುಚ್ಚಳ ಮುಚ್ಚು, ಉರಿ ಸಣ್ಣಗಿರಲಿ. ಹತ್ತು ನಿಮಿಷ ಬೇರೆ ಏನಾದರೂ ಮಾಡು. ನೀನು ಬೇರೇನೂ ಮಾಡದೆ ಅಲ್ಲೇ ನಿಂತಿರುತ್ತೀಯ ಎಂದು ಗೊತ್ತು. ನಿಂತಿರು, ಆದರೆ ಮುಚ್ಚಳ ತೆಗೆಯಬೇಡ. ನೀರು ಇಂಗುವ ಹೊತ್ತಿಗೆ ಒಳಗಿನ ಕೊಬ್ಬು ಕರಗಿ ಹೊರಗೆ ಬಂದಿರುತ್ತದೆ. ಸದ್ದು ಬದಲಾಗುತ್ತದೆ. ಗುಳುಗುಳು ಹೋಗಿ ಚಿರಿಚಿರಿ ಶುರುವಾಗುತ್ತದೆ. ಆಗ ಮುಚ್ಚಳ ತೆಗೆದು ಹೊರಳಿಸು, ಎಲ್ಲ ಕಡೆ ಕಂದು ಬಣ್ಣ ಬರುವವರೆಗೆ. ಕಡೆಗೆ ಎರಡು ಚಮಚ ಬಿಳಿ ವೈನ್. ಅಷ್ಟೇ. ಮೂವತ್ತನಾಲ್ಕು ವರ್ಷ ನೀನು ತಿಂದದ್ದು ಇದನ್ನೇ.

ಇಲ್ಲಿ ಮೂರು ದಿನದಿಂದ ಗಾಳಿ. ಇಳಿಜಾರಿನ ಬೀದಿಗಳಲ್ಲಿ ಹಗ್ಗ ಕಟ್ಟಿದ್ದಾರೆ, ಜನ ಹಿಡಿದುಕೊಂಡು ನಡೆಯುತ್ತಾರೆ. ನಿನ್ನೆ ನಾನೂ ಹಿಡಿದುಕೊಂಡೆ. ಮುಂದೆ ಹೋಗುತ್ತಿದ್ದ ಗಂಡಸು ತಿರುಗಿ, "ಬಿಟ್ಟೀರಿ ತಾಯಿ, ಬಿಟ್ರೆ ಸೀದಾ ಸಮುದ್ರಾನೇ," ಅಂದ. ನಗು ಬಂತು. ಎಷ್ಟೋ ದಿನದ ಮೇಲೆ ಗುರುತಿಲ್ಲದವರೊಬ್ಬರು ನನ್ನ ಜೊತೆ ಮಾತಾಡಿದ್ದು. ಊರಿನಲ್ಲಿ ನನ್ನ ಗುರುತಿಲ್ಲದವರೇ ಇಲ್ಲ, ಅದಕ್ಕೇ ಯಾರೂ ನನ್ನನ್ನು ನೋಡುವುದಿಲ್ಲ ಅನ್ನಿಸಿತು.

ಜೆರೇನಿಯಂ ಕುಂಡಗಳನ್ನು ಇನ್ನೂ ಹೊರಗಿಡಬೇಡ. ಹಿಮ ಇನ್ನೂ ಬೀಳಬಹುದು.

ದೆಲ್ಫಿನಾ


ಪಿಯೆವಾಲ್ತಾ, ೫ ಏಪ್ರಿಲ್ ೧೯೮೩

ದೆಲ್ಫಿನಾ,

ಸದ್ದು ಬದಲಾಯಿತು! ನೀನು ಹೇಳಿದ ಹಾಗೆಯೇ. ಒಲೆಯ ಮುಂದೆ ಕಿವಿಕೊಟ್ಟು ನಿಂತಿದ್ದೆ, ಡಾಕ್ಟರು ಎದೆ ಕೇಳುವ ಹಾಗೆ. ಚಿರಿಚಿರಿ ಎಂದ ಕೂಡಲೆ ಮುಚ್ಚಳ ತೆಗೆದೆ. ಎರಡನ್ನು ತಿಂದು ಎರಡನ್ನು ನಾಝರೇನಾಗೆ ಕೊಟ್ಟೆ. ಅವಳು ಅಗಿಯುತ್ತಾ ನಿಂತಳು. ಆಮೇಲೆ "ಪರವಾಗಿಲ್ಲ, ಮನುಷ್ಯರು ತಿನ್ನಬೋದು" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಈಸ್ಟರ್ ಕಳೆಯಿತು. ಎಲ್ಲ ಚೆನ್ನಾಗಿತ್ತು.

ಕುಂಡಗಳನ್ನು ಹೊರಗಿಟ್ಟಿದ್ದೆ, ನಿನ್ನ ಕಾಗದ ಬಂದ ಮೇಲೆ ಒಳಗಿಟ್ಟೆ. ಎರಡು ಸತ್ತಿವೆ.

ಬಾಣಲೆಯ ವಿಷಯ ನೀನು ಬರೆಯಲಿಲ್ಲ.

ಕ್ವಿಂತೊ


ತ್ರಿಯೆಸ್ತೆ, ೨೧ ಏಪ್ರಿಲ್ ೧೯೮೩

ಕ್ವಿಂತೊ,

ಈ ಊರಿನವರು ಸಾಸೇಜನ್ನು ನೀರಿನಲ್ಲಿ ಕುದಿಸುತ್ತಾರೆ. ಕುಳಿತುಕೊಂಡು ಓದು. ಕುದಿಸಿ, ಹುಳಿ ಬರಿಸಿದ ಎಲೆಕೋಸಿನ ಜೊತೆ ತಟ್ಟೆಗೆ ಹಾಕಿ, ಮೇಲೆ ಒಂದು ಬಿಳಿಯ ಬೇರನ್ನು ತುರಿಯುತ್ತಾರೆ. ಆ ಬೇರು ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬರುತ್ತದೆ. ಮೊದಲ ದಿನ ಅಕ್ಕ ಅದನ್ನು ತುರಿಯುತ್ತಾ, "ಅಳ್ತಿದೀಯೇನೇ?" ಅಂದಳು. "ಬೇರು ಕಣೇ" ಅಂದೆ. "ಬೇರಿನ್ನೂ ನನ್ನ ಕೈಲೇ ಇದೆಯಲ್ಲ," ಅಂದಳು. ಅವಳ ಬಾಯಿ ನಿನಗೆ ಗೊತ್ತಲ್ಲ.

ಬೇಳೆ ಹೇಳಿಕೊಡುತ್ತೇನೆ. ಮೇಲಿನ ಬಯಲಿನ ಸಣ್ಣ ಕಂದು ಲೆಂಟಿಲ್ ಡಬ್ಬಿಯಲ್ಲಿದೆ, ನೆನೆಸುವುದು ಬೇಡ. ಬೆಳ್ಳುಳ್ಳಿಯ ಒಂದು ಎಸಳು, ಸೆಲೆರಿಯ ಒಂದು ಕಡ್ಡಿ ಹಾಕಿ ನೀರಿನಲ್ಲಿ ಬೇಯಿಸು. ಸಾಸೇಜನ್ನು ಬೇರೆಯಾಗಿ ಕಂದು ಬಣ್ಣ ಬರುವಂತೆ ಹುರಿದುಕೊಂಡು, ಟೊಮೆಟೊ ಸೇರಿಸಿ, ಎಲ್ಲವನ್ನೂ ಅದರ ಕೊಬ್ಬಿನ ಸಮೇತ ಬೇಳೆಗೆ ಹಾಕು. ಬೇಳೆಗೆ ಮೊದಲೇ ಉಪ್ಪು ಹಾಕಬೇಡ. ಸಾಸೇಜ್ ತನ್ನ ಉಪ್ಪನ್ನು ಬಿಟ್ಟುಕೊಟ್ಟ ಮೇಲೆ ರುಚಿ ನೋಡಿ, ಬೇಕಾದರೆ ಮಾತ್ರ ಹಾಕು. ಅವಸರ ಮಾಡಿದರೆ ಆಮೇಲೆ ತೆಗೆಯಲು ಬರುವುದಿಲ್ಲ.

ಈಸ್ಟರ್ ಬೆಳಿಗ್ಗೆ ಜನವರಿಯ ಒಣ ಸಾಸೇಜನ್ನು ಮೊದಲ ಸಲ ಕೊಯ್ಯುವುದು ನಮ್ಮ ರೂಢಿ. ಅದು ಹೇಗಿತ್ತು ಎಂದು ನೀನು ಬರೆಯಲಿಲ್ಲ. ಕೇಳುತ್ತಿಲ್ಲ. ಬರೆಯಲಿಲ್ಲ ಎಂದು ಗಮನಿಸಿದೆ ಅಷ್ಟೇ.

ದೆಲ್ಫಿನಾ


ಪಿಯೆವಾಲ್ತಾ, ೨೯ ಮೇ ೧೯೮೩

ದೆಲ್ಫಿನಾ,

ಬೇಳೆ ಮಾಡಿದೆ. ಮೂರು ದಿನ ತಿಂದೆ. ಮೂರನೆಯ ದಿನ ಹೆಚ್ಚು ರುಚಿ. ಇದನ್ನು ನೀನು ಯಾಕೆ ಯಾವತ್ತೂ ಹೇಳಲಿಲ್ಲ?

ಕುದಿಸಿದ ಸಾಸೇಜಿನ ಬಗ್ಗೆ ಅಂಗಡಿಯಲ್ಲಿ ಹೇಳಿದೆ. ಮುದುಕ ಫೊರ್ತುನಾತೊ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ಈಗ ಮೆಟ್ಟಿಲು ಇಳಿಯುತ್ತೇನೆ ಎಂದು ನಿನ್ನ ಅಕ್ಕ ಎರ್ಸಿಲಿಯಾ ಫೋನಿನಲ್ಲಿ ಹೇಳಿದಳು. ಸಂತೋಷ. ಅಂದಹಾಗೆ, ಸ್ಪೊಲೇತೊದಿಂದ ಬೆಳಿಗ್ಗೆ ಹತ್ತಕ್ಕೆ ಬರುವ ಬಸ್ಸು ಈಗ ಶನಿವಾರವೂ ಇದೆ. ಮೊದಲು ಇರಲಿಲ್ಲ. ತಿಳಿದಿರಲಿ ಎಂದು.

ಕ್ವಿಂತೊ


ತ್ರಿಯೆಸ್ತೆ, ೧೨ ಜುಲೈ ೧೯೮೩

ಕ್ವಿಂತೊ,

ಆರು ವಾರ ಉತ್ತರ ಬರೆಯಲಿಲ್ಲ. ಮೂರು ಸಲ ಶುರು ಮಾಡಿದೆ.

ಅಕ್ಕನಿಗೆ ಈಗ ನಾನು ಬೇಕಿಲ್ಲ. ಅದು ನಿಜ. ಆದರೆ ಬಂದರಿನ ಕ್ಯಾಂಟೀನಿನಲ್ಲಿ ಅಡುಗೆಯವಳು ಬಿಟ್ಟುಹೋಗಿ, ಭಾವನ ಹಳೆಯ ಸ್ನೇಹಿತರೊಬ್ಬರು ಕೇಳಿದರು, ಹೋದೆ. ವಾರಕ್ಕೆ ನಾಲ್ಕು ದಿನ. ಎಂಬತ್ತು ಜನ ಹಮಾಲಿಗಳು, ಕ್ರೇನಿನವರು. ಮೊದಲ ದಿನ ಬೀನ್ಸ್ ಮತ್ತು ಸಾಸೇಜ್ ಮಾಡಿದೆ, ಮನೆಯಲ್ಲಿ ಮಾಡುವ ಹಾಗೆಯೇ. ಒಬ್ಬ ತಟ್ಟೆ ತಂದು ಕಿಟಕಿಯಲ್ಲಿಟ್ಟು, "ಏನಮ್ಮಾ, ಸಮುದ್ರದಿಂದ ನೀರು ಮೊಗೆದು ತಂದ್ರಾ?" ಅಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ನನಗೆ ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ಇಲ್ಲಿನ ಬ್ರೆಡ್ಡಿನಲ್ಲಿ ಉಪ್ಪಿದೆ. ನಮ್ಮ ಬ್ರೆಡ್ಡು ಸಪ್ಪೆ, ಹಾಗಾಗಿ ನಮ್ಮ ಕೈ ಉಳಿದೆಲ್ಲದಕ್ಕೂ ಒಂದು ಚಿಟಿಕೆ ಹೆಚ್ಚು ಹಾಕುತ್ತದೆ, ನಮಗೆ ತಿಳಿಯದೆಯೇ. ಅರವತ್ತರ ಹತ್ತಿರ ಬಂದು ಇದನ್ನು ಕಲಿತೆ.

ಕೈ ತಿದ್ದಿಕೊಂಡೆ. ಈಗ ಯಾರೂ ತಟ್ಟೆ ವಾಪಸ್ ತರುವುದಿಲ್ಲ. ಚಳಿಗಾಲಕ್ಕೂ ಇರುತ್ತೀರಾ ಎಂದು ಕೇಳಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ.

ಒಂದು ವಿಚಿತ್ರ ಹೇಳಲೇ? ಇಲ್ಲಿ ದಿನಾ ಸೌಟಿನ ತುದಿಯಿಂದ ರುಚಿ ನೋಡಿ, "ಸಾಕು" ಅನ್ನುತ್ತೇನೆ. ನಾನು ಸಾಕು ಅಂದರೆ ಹುಡುಗಿಯರು ಒಲೆ ಆರಿಸುತ್ತಾರೆ. ಅಷ್ಟೇ ವಿಷಯ. ಬರೆದ ಮೇಲೆ ಇದು ತೀರಾ ಸಣ್ಣದಾಗಿ ಕಾಣುತ್ತಿದೆ. ಹೊಡೆದು ಹಾಕುವುದಿಲ್ಲ.

ದೆಲ್ಫಿನಾ


ಪಿಯೆವಾಲ್ತಾ, ೨ ಅಕ್ಟೋಬರ್ ೧೯೮೩

ದೆಲ್ಫಿನಾ,

ನಿನ್ನ ಕಾಗದವನ್ನು ಎಂಬತ್ತು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಏಪ್ರನ್ನಿನ ಜೇಬು, ಆದ್ದರಿಂದ ಅದಕ್ಕೆ ಕೊಬ್ಬು ಹತ್ತಿ ಅಕ್ಷರಗಳು ಬೆಳಕಿಗೆ ಹಿಡಿದರೆ ಎರಡೂ ಕಡೆಯಿಂದ ಕಾಣುತ್ತವೆ.

ಈಸ್ಟರಿನ ವಿಷಯ ಹೇಳುತ್ತೇನೆ. ಒಣ ಸಾಸೇಜ್ ಕೊಯ್ದಾಗ ಒಳಗೆ ಮೆತ್ತಗಿತ್ತು, ಹುಳಿ ವಾಸನೆ. ಚೆನ್ನಾಗಿದ್ದವನ್ನು ಬ್ರೆಡ್ಡಿನ ಮೇಲಿಟ್ಟು ತಿಂದೆವು. ಸಪ್ಪೆ ಬ್ರೆಡ್ಡಿನ ಮೇಲೆ ಸಪ್ಪೆ ಮಾಂಸ, ರಟ್ಟು ತಿಂದ ಹಾಗೆ. ಫೊರ್ತುನಾತೊ ಅರ್ಧ ತಿಂದು ಉಳಿದದ್ದನ್ನು ಮರ್ಯಾದೆಯಿಂದ ಜೇಬಿಗೆ ಹಾಕಿಕೊಂಡ. ಮೇ ತಿಂಗಳಿಗೆ, ಅಟ್ಟದಲ್ಲಿ ಒಣಗಲು ತೂಗುಹಾಕಿದ್ದ ಮೂರು ಗಳುಗಳಲ್ಲಿ ಎರಡು ಗಳುವಿನಷ್ಟನ್ನು ಇಳಿಸಿ ಹೊಲದಲ್ಲಿ ಹೂತೆ. ಎರಡು ಹಂದಿಯ ಒಂದು ವರ್ಷ. ಯಾರೂ ನೋಡಬಾರದೆಂದು ಜನ ಚರ್ಚಿಗೆ ಹೋದ ಹೊತ್ತಿನಲ್ಲಿ ಹೂತೆ. ನಾಝರೇನಾಳ ನಾಯಿ ಮರುದಿನವೇ ಅಗೆದು ಚೌಕದಲ್ಲಿ ತಂದು ಹಾಕಿತು.

ಉಪ್ಪು ಮಸಾಲೆ ಅಳೆದು ಬೆರೆಸಿದ ಆ ಪೊಟ್ಟಣ ಮಾರಿದ ಏಜೆಂಟು ಉತ್ತರದ ಕಡೆಯವನು. ಅವನ ಪೊಟ್ಟಣ ಅವನ ಊರಿನ ಬ್ರೆಡ್ಡಿಗೆ ಸರಿ ಇರಬಹುದು. ಅದನ್ನು ನಾನು ಯೋಚಿಸಬೇಕಿತ್ತು. ನಿನ್ನ ಕಾಗದ ಓದುವವರೆಗೂ ಹೊಳೆಯಲಿಲ್ಲ. ಅವನ ಮೇಲೆ ತಪ್ಪು ಹೊರಿಸಿ ನಾಲ್ಕು ತಿಂಗಳು ಹಾಯಾಗಿದ್ದೆ.

ಜನವರಿಯಲ್ಲಿ ಸಾಸೇಜ್ ಮಾಡಿದ ಆ ದಿನ ಏನಾಯಿತು ಎಂದು ಈ ಬೇಸಿಗೆಯಲ್ಲಿ ಬಹಳ ಸಲ ನೋಡಿದೆ, ಪಕ್ಕದಲ್ಲಿ ನಿಂತು ಬೇರೆಯವರನ್ನು ನೋಡುವ ಹಾಗೆ. ಅಂಗಳದಲ್ಲಿ ಚಳಿ. ತೊಟ್ಟಿಯಲ್ಲಿ ಕಲೆಸಿದ ಮಾಂಸ. ಎಂಟು ಜನ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದಾರೆ. ನೀನು ಸಣ್ಣ ಬಾಣಲೆ ಹಿಡಿದು ಬಂದೆ, ಪ್ರತಿ ವರ್ಷದಂತೆ, ಒಂದು ಹಿಡಿ ತೆಗೆದುಕೊಂಡು ಹುರಿದು ಉಪ್ಪು ನೋಡಲು. ಆಗ ನಾನು,

"ಬೇಡ ಬಿಡೇ, ಈ ಸಲ ಪೊಟ್ಟಣ ಇದೆ. ಗ್ರಾಮಿನ ಲೆಕ್ಕ. ನಿನ್ನ ನಾಲಿಗೆಗೆ ರಜಾ," ಅಂದೆ.

ಯಾರೋ "ಅಬ್ಬಾ, ನಿನಗೂ ರಜಾ ಸಿಕ್ತು ಹಾಗಾದ್ರೆ ಕ್ವಿಂತೊ!" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನೀನು ಬಾಣಲೆ ಒಳಗೆ ತೆಗೆದುಕೊಂಡು ಹೋಗಿ ತೊಳೆದೆ. ಕಿಟಕಿಯಿಂದ ಕಂಡಿತು. ಆ ಬಾಣಲೆ ಶುಭ್ರವಾಗಿತ್ತು. ಶುಭ್ರವಾದ ಬಾಣಲೆಯನ್ನು ಯಾಕೆ ತೊಳೆಯುತ್ತಾಳೆ ಎಂದು ಆಗ ಅಂದುಕೊಂಡದ್ದೂ ನೆನಪಿದೆ. ಹತ್ತು ದಿನದ ಮೇಲೆ ಎರ್ಸಿಲಿಯಾ ಬಿದ್ದಳು, ನೀನು ಹೋದೆ.

ಇನ್ನೊಂದು ಹೇಳಿಬಿಡುತ್ತೇನೆ. ಆಗಸ್ಟಿನಲ್ಲಿ ಒಂದು ಭಾನುವಾರ ಕೋಟು ಹಾಕಿಕೊಂಡು ಹೊರಟೆ. ಫೊಲಿನ್ಯೊ ರೈಲು ನಿಲ್ದಾಣದವರೆಗೆ ಬಂದೆ. ಅಲ್ಲಿ ಬೆಂಚಿನ ಮೇಲೆ ಕುಳಿತು ಕಟ್ಟಿಕೊಂಡು ತಂದಿದ್ದ ಬ್ರೆಡ್ಡು ತಿಂದೆ. ತ್ರಿಯೆಸ್ತೆಗೆ ಬಂದು ನಿನಗೆ ಏನು ಹೇಳುವುದು ಎಂದು ತಿಳಿಯಲಿಲ್ಲ. ವಾಪಸ್ ಬಂದೆ.

ಈ ವಾರ ನಾಝರೇನಾಳ ಗಂಡ ಒಂದು ಬುಟ್ಟಿ ಕಪ್ಪು ದ್ರಾಕ್ಷಿ ಕೊಟ್ಟ. ಸಾಸೇಜನ್ನು ನೀರಿನಲ್ಲಿ, ನಿನ್ನ ಕ್ರಮದಲ್ಲಿ, ಬೇಯಿಸಿ, ಕಂದು ಬಣ್ಣ ಬಂದ ಮೇಲೆ ದ್ರಾಕ್ಷಿಯನ್ನು ಬಿಡಿಸಿ ಹಾಕಿದೆ. ಹಣ್ಣು ಒಡೆದು ರಸ ಬಿಟ್ಟು ಕೊಬ್ಬಿನ ಜೊತೆ ಸೇರಿತು. ಸಿಹಿ ಹೆಚ್ಚಾಯಿತು ಅನ್ನಿಸಿ ಕಡೆಗೆ ಅರ್ಧ ಚಮಚ ವಿನೆಗರ್ ಹಾಕಿದೆ. ವಿನೆಗರ್ ನೀನು ಹಾಕುತ್ತಿದ್ದೆಯೋ ಇಲ್ಲವೋ ನೆನಪಿಲ್ಲ. ಹಾಕಿ ನೋಡು.

ನಿನ್ನ
ಕ್ವಿಂತೊ


ತ್ರಿಯೆಸ್ತೆ, ೨೮ ಅಕ್ಟೋಬರ್ ೧೯೮೩

ಕ್ವಿಂತೊ,

ನಾನು ವಿನೆಗರ್ ಹಾಕುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಹಾಕಿದೆ. ಎಂಬತ್ತು ತಟ್ಟೆಗಳು ಬ್ರೆಡ್ಡಿನಿಂದ ಒರೆಸಿದ ಹಾಗೆ ಬಂದವು. ಇದು ಯಾರ ಅಡುಗೆ ಎಂದು ಕೇಳಿದರು. ನನ್ನ ಗಂಡನದು ಅಂದೆ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಆ ಪದವನ್ನು ಬಾಯಿಬಿಟ್ಟು ಹೇಳಿದ್ದು. ಹುಡುಗಿಯರು ನಾನು ವಿಧವೆ ಎಂದುಕೊಂಡಿದ್ದರಂತೆ.

ಸಾಸೇಜ್ ಕೆಟ್ಟಿತು ಎಂದು ತಿಳಿದರೆ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಈಸ್ಟರಿನಿಂದ ಕಾಯುತ್ತಿದ್ದೆ ಎಂದೂ ಹೇಳಬಹುದು. ಓದಿದಾಗ ಕಂಡದ್ದು ಆ ಹಂದಿಗಳು ಮಾತ್ರ. ಸಣ್ಣದಕ್ಕೆ ಬಲಗಿವಿ ಹರಿದಿತ್ತು. ಅಕ್ಟೋಬರಿನಲ್ಲಿ ಓಕ್ ಕಾಯಿ ಆರಿಸಿ ತಂದು ತಿನ್ನಿಸಿದ್ದೆ.

ನೀನು ಕೇಳದಿದ್ದರೂ ನಿನ್ನ ಕಾಗದದಲ್ಲಿ ಒಂದು ಪ್ರಶ್ನೆ ಇದೆ. ಜನವರಿಗೆ ಬರುತ್ತೀಯಾ ಎಂದು. ಅದಕ್ಕೆ ಉತ್ತರ ಹೇಳುವುದು ಕಷ್ಟ, ಕಾರಣ ನೀನು ಅಂದುಕೊಂಡದ್ದಲ್ಲ. ನೀನು ನಕ್ಕದ್ದು ಮುಗಿಯಿತು. ನನಗೆ ಈಗ ಬೇರೆ ಭಯ. ಒಂಬತ್ತು ತಿಂಗಳಿಂದ ಉಪ್ಪಿನ ಬ್ರೆಡ್ಡು ತಿನ್ನುತ್ತಿದ್ದೇನೆ. ನನ್ನ ನಾಲಿಗೆ ಈ ಊರಿನದಾಗಿದೆ. ಹಮಾಲಿಗಳು ತೃಪ್ತರಾದ ದಿನ ನನಗೆ ಹೆಮ್ಮೆಯಾಯಿತು. ಆ ಸಂಜೆಯೇ, ಟ್ರಾಮಿನಲ್ಲಿ, ಕೈಚೀಲ ಮರೆತು ಬಂದವಳ ಹಾಗೆ ಮೈ ತಣ್ಣಗಾಯಿತು. ಮಾಂಸದ ಉಪ್ಪನ್ನು ನಾನು ನೋಡುವುದು ಆ ದಿನದ ಬಾಯಿಗಲ್ಲ, ಈಸ್ಟರಿನ ಬಾಯಿಗೆ, ನಾಝರೇನಾಳ ಬ್ರೆಡ್ಡಿಗೆ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಿನ್ನ ತಾಯಿ ಬಾಣಲೆ ಕೈಗೆ ಕೊಟ್ಟರು ಅಷ್ಟೇ. ಆ ನಾಲಿಗೆಯೇ ಹೋಗಿದ್ದರೆ? ಅಂಗಳದಲ್ಲಿ ನಿಂತು, ಎಲ್ಲರೂ ನನ್ನ ಬಾಯಿ ನೋಡುತ್ತಿರುವಾಗ, ನನಗೆ ಏನೂ ತಿಳಿಯದಿದ್ದರೆ? ನೀನು ಹೇಳಿದ್ದೇ ನಿಜವಾಗಿಬಿಡುತ್ತದೆ.

ನನ್ನನ್ನು ಕರೆಯಬೇಡ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ.

ನಿನ್ನ
ದೆಲ್ಫಿನಾ


ತ್ರಿಯೆಸ್ತೆ, ೧೦ ಡಿಸೆಂಬರ್ ೧೯೮೩

ಕ್ವಿಂತೊ,

ನಾನು ಎರ್ಸಿಲಿಯಾ, ಸೊಂಟ ಮುರಿದವಳು. ನಾನು ಬರೆಯುತ್ತಿರುವುದು ನಿನ್ನ ಹೆಂಡತಿಗೆ ಗೊತ್ತಿಲ್ಲ. ಗೊತ್ತಾದರೂ ನನಗೇನು? ಮನೆ ನನ್ನದು.

ದೂರು ಕೊಡಲು ಬರೆಯುತ್ತಿದ್ದೇನೆ. ನವೆಂಬರ್ ಹದಿನೈದರಿಂದ ಈ ಮನೆಯ ಬ್ರೆಡ್ಡಿನಲ್ಲಿ ಉಪ್ಪಿಲ್ಲ. ಅವಳು ಕ್ಯಾಂಟೀನಿನಿಂದ ಬಂದು, ಕೋಟನ್ನೂ ಬಿಚ್ಚದೆ, ಹಿಟ್ಟು ನಾದುತ್ತಾಳೆ. "ಉಪ್ಪು ಮರೆತ್ಯೇನೇ?" ಅಂದೆ ಮೊದಲ ದಿನ. "ಇಲ್ಲ" ಅಂದಳು. "ಡಾಕ್ಟ್ರು ಹೇಳಿದ್ರಾ?" "ಇಲ್ಲ." "ಮತ್ತೇನೇ, ನಾನು ಬೇಗ ಸಾಯ್ಲಿ ಅಂತಾನಾ?" "ಅಕ್ಕ, ಸುಮ್ನೆ ತಿನ್ನು" ಅಂದಳು. ನಲವತ್ತು ವರ್ಷದ ಹಿಂದೆ ನಾನು ಆ ಕಣಿವೆ ಬಿಟ್ಟು ಬಂದದ್ದೇ ಆ ಸಪ್ಪೆ ಬ್ರೆಡ್ಡು ತಿನ್ನಲಾರದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದವಳು. ಅದು ಈಗ ನನ್ನ ಮೇಜಿಗೇ ಬಂದು ಕುಳಿತಿದೆ.

ಕಳೆದ ವಾರ ಬೀರುವಿನಲ್ಲಿ ಕಂಬಳಿ ಹುಡುಕುವಾಗ ಅವಳ ಪೆಟ್ಟಿಗೆ ತೆಗೆದೆ. ತೆಗೆಯಬಾರದಿತ್ತು, ತೆಗೆದೆ. ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಒಂದು ಸಣ್ಣ ಕಬ್ಬಿಣದ ಬಾಣಲೆ ಇಟ್ಟಿದ್ದಾಳೆ. ನನ್ನ ಅಡುಗೆಮನೆಯಲ್ಲಿ ಹನ್ನೊಂದು ಬಾಣಲೆಗಳಿವೆ, ಕ್ವಿಂತೊ. ಗಂಡನ ಮೇಲೆ ಸಿಟ್ಟು ಮಾಡಿಕೊಂಡ ಹೆಂಗಸರು ಒಡವೆ ತರುತ್ತಾರೆ ಎಂದು ಕೇಳಿದ್ದೇನೆ.

ನೀನು ಜಾಣನಲ್ಲ ಎಂದು ಮೊದಲಿನಿಂದ ಗೊತ್ತು. ಆದ್ದರಿಂದ ಬಿಡಿಸಿ ಹೇಳುತ್ತೇನೆ: ಅವಳನ್ನು ಬಾ ಎಂದು ಬೇಡಿಕೊಳ್ಳಬೇಡ, ಬರುವುದಿಲ್ಲ. ಕೆಲಸ ಹೇಳು.

ನನಗೆ ಉಪ್ಪಿನ ಬ್ರೆಡ್ಡು ಬೇಕು.

ಎರ್ಸಿಲಿಯಾ


ಪಿಯೆವಾಲ್ತಾ, ೮ ಜನವರಿ ೧೯೮೪

ದೆಲ್ಫಿನಾ,

ಹದಿನೇಳನೆಯ ತಾರೀಕು ಸಂತ ಅಂತೋನಿಯ ಹಬ್ಬ, ಅವತ್ತು ಪ್ರಾಣಿಗಳಿಗೆ ಆಶೀರ್ವಾದ. ಹದಿನೆಂಟರ ಬುಧವಾರ ಹಂದಿ ಕೊಯ್ಯುತ್ತೇವೆ. ಈ ಸಲ ಒಂದೇ, ಆದರೆ ದೊಡ್ಡದು. ರಾತ್ರಿಯಿಡೀ ತೂಗಿರುತ್ತದೆ. ಗುರುವಾರ ಬೆಳಿಗ್ಗೆ ಕೊಚ್ಚಿ, ಕರಿಮೆಣಸು ಹಾಕಿ, ವೈನಿನಲ್ಲಿ ನೆನೆಸಿದ ಬೆಳ್ಳುಳ್ಳಿಯ ನೀರು ಹಾಕಿ ಕಲೆಸಿಡುತ್ತೇನೆ. ಉಪ್ಪು ಹಾಕುವುದಿಲ್ಲ.

ಅಂಗಡಿಗೆ ಪ್ರತಿ ಶುಕ್ರವಾರ ಮಾಡುವ ಹಸಿ ಸಾಸೇಜಿನ ಉಪ್ಪನ್ನು ಜೂನ್‌ನಿಂದ ನಾನೇ ಹುರಿದು ನೋಡುತ್ತಿದ್ದೇನೆ. ದೊಡ್ಡ ಬಾಣಲೆಯಲ್ಲಿ. ಮೊದಮೊದಲು ನಾಝರೇನಾ "ಏನೋ, ಇದನ್ನ ತಿಂದು ಬಾವಿಗೆ ಬೀಳ್ಬೇಕಾ?" ಅನ್ನುತ್ತಿದ್ದಳು. ಈಗ ಸುಮ್ಮನೆ ತಿನ್ನುತ್ತಾಳೆ. ಆದರೆ ಶುಕ್ರವಾರದ್ದು ತಪ್ಪಿದರೆ ಭಾನುವಾರದೊಳಗೆ ತಿಂದು ಮರೆಯುತ್ತಾರೆ. ಜನವರಿಯದ್ದು ಹಾಗಲ್ಲ. ಅಷ್ಟು ದೂರ ನನ್ನ ನಾಲಿಗೆಗೆ ಕಾಣುವುದಿಲ್ಲ.

ನೀನು ಹುರಿದ ತುಂಡನ್ನು ಕೂಡಲೇ ತಿನ್ನುತ್ತಿರಲಿಲ್ಲ, ತಣ್ಣಗಾಗಲು ಕಾಯುತ್ತಿದ್ದೆ. ನಾನು "ಬೇಗ ಹೇಳೇ, ಕೈ ಮರಗಟ್ಟಿದೆ" ಎಂದು ಪ್ರತಿ ವರ್ಷ ರೇಗುತ್ತಿದ್ದೆ. ನಿಜ ಹೇಳಬೇಕೆಂದರೆ ಪೊಟ್ಟಣ ಕೊಂಡದ್ದೂ ಆ ಐದು ನಿಮಿಷ ಉಳಿಸಲೆಂದು. ಈಗ ನಾನೂ ತಣ್ಣಗಾಗಲು ಬಿಡುತ್ತೇನೆ. ಬಿಸಿಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ನಿನ್ನ ನಾಲಿಗೆ ಹೋಗಿದ್ದರೆ ಹೋಗಿರಲಿ. ಬಂದು, ತಿಳಿಯಲಿಲ್ಲ ಎಂದು ಹೇಳು. ಅಂಗಳಕ್ಕೆ ಯಾರನ್ನೂ ಕರೆದಿಲ್ಲ. ನಾನೊಬ್ಬನೇ ಇರುತ್ತೇನೆ. ಈ ಚಳಿಯಲ್ಲಿ ಉಪ್ಪಿಲ್ಲದ ಮಾಂಸ ಗುರುವಾರ ಸಂಜೆಯವರೆಗೆ ತಡೆಯುತ್ತದೆ. ಅದರ ಮೇಲೆ ತಡೆಯುವುದಿಲ್ಲ.

ಕರೆಯಬೇಡ ಎಂದಿದ್ದೀಯ. ಕರೆಯುತ್ತಿಲ್ಲ. ತೊಟ್ಟಿ ಎಲ್ಲಿರುತ್ತದೆ ಎಂದು ನಿನಗೆ ಗೊತ್ತು. ಹತ್ತರ ಬಸ್ಸಿಗೆ ನಾನು ನಿಲ್ದಾಣದಲ್ಲಿ ಇರುತ್ತೇನೆ, ಹೇಗೂ ಕರುಳಿನ ಪಾರ್ಸೆಲು ಬರುವುದಿದೆ.

ಒಲೆಯ ಪಕ್ಕದ ಮೊಳೆ ಸಡಿಲವಾಗಿತ್ತು. ಹೊಸದು ಹೊಡೆದಿದ್ದೇನೆ.

ನಿನ್ನ
ಕ್ವಿಂತೊ


ಅಡುಗೆಮನೆಯ ಮೇಜು, ೧೯ ಜನವರಿ, ಗುರುವಾರ, ಹತ್ತೂಕಾಲು

ಕ್ವಿಂತೊ,

ಬರೆಯಲು ನಿನ್ನ ಮಾಂಸದ ಕಾಗದವೇ ಸಿಕ್ಕಿತು. ನೀನು ನಿಲ್ದಾಣದಲ್ಲಿದ್ದೀಯ, ಬಸ್ಸು ತಡವಾಗಿರಬೇಕು. ನಾನು ಬಸ್ಸಿಗೆ ಕಾಯಲಿಲ್ಲ, ಸ್ಪೊಲೇತೊದಲ್ಲಿ ಹಿಟ್ಟಿನ ವ್ಯಾನು ಹೊರಟಿತ್ತು, ಅದರಲ್ಲಿ ಬಂದೆ. ಮುಕ್ಕಾಲು ಗಂಟೆಯಾಯಿತು. ಕೋಟಿನ ತುಂಬ ಹಿಟ್ಟು.

ತೊಟ್ಟಿಯ ಮೇಲೆ ನೀನು ಬಿಳಿ ಬಟ್ಟೆ ಹೊದಿಸಿಟ್ಟದ್ದು ನೋಡಿದೆ. ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಒಂದು ಕಿಲೋದಷ್ಟು ಬೇರೆ ತೆಗೆದು, ನನ್ನ ಕೈ ಹೇಳಿದಷ್ಟು ಉಪ್ಪು ಹಾಕಿ, ಹುರಿದು, ತಣ್ಣಗಾಗಲು ಬಿಟ್ಟು ತಿಂದೆ. ತಿಳಿಯಲಿಲ್ಲ. ಇನ್ನೊಂದು ಚಿಟಿಕೆ ಹಾಕಿ ಹುರಿದೆ. ಹೆಚ್ಚಾಯಿತು ಅನ್ನಿಸಿತು, ಅನ್ನಿಸಿದ್ದು ಯಾವ ಊರಿನ ನಾಲಿಗೆಗೆ ಎಂದು ತಿಳಿಯಲಿಲ್ಲ. ಅಂಗಳದಲ್ಲಿ ಯಾರೂ ಇಲ್ಲದ್ದು ಒಳ್ಳೆಯದಾಯಿತು. ಆಮೇಲೆ ಡಬ್ಬದಲ್ಲಿದ್ದ ನಿನ್ನೆಯ ಬ್ರೆಡ್ಡು ಮುರಿದು ಅದರ ಜೊತೆ ತಿಂದೆ. ಏನೋ ಒಂದು ತಿಳಿದ ಹಾಗಾಯಿತು. ಪೂರ್ತಿ ಅಲ್ಲ. ಕತ್ತಲೆಯಲ್ಲಿ ಕೈಗೆ ಗೋಡೆ ಸಿಕ್ಕಷ್ಟು.

ಆದ್ದರಿಂದ ಮೂರನೆಯ ತುಂಡನ್ನು ಹುರಿದೆ, ಆದರೆ ನಾನು ತಿಂದಿಲ್ಲ. ಸಣ್ಣ ಬಾಣಲೆಯಲ್ಲೇ ಇದೆ, ಮೇಲೆ ತಟ್ಟೆ ಮುಚ್ಚಿದ್ದೇನೆ. ಪಕ್ಕದಲ್ಲಿ ಬ್ರೆಡ್ಡಿನ ತುಂಡು. ನೀನು ಬರುವ ಹೊತ್ತಿಗೆ ತಣ್ಣಗಾಗಿರುತ್ತದೆ. ಕೋಟು ಬಿಚ್ಚು, ಕುಳಿತುಕೋ, ನಿಧಾನವಾಗಿ ತಿನ್ನು. ಈಸ್ಟರ್ ಬೆಳಿಗ್ಗೆ ಎಂದುಕೊಂಡು ತಿನ್ನು. ಕಡಿಮೆ ಅನ್ನಿಸಿದರೆ ಹೇಳು. ಸರಿ ಅನ್ನಿಸಿದರೂ ಹೇಳು. ನನ್ನ ಮುಖ ನೋಡಿ ಹೇಳಬೇಡ ಎಂದೇ ಹೊರಗೆ ಹೋಗುತ್ತಿದ್ದೇನೆ.

ನಾಝರೇನಾಳ ಹತ್ತಿರ ಹೊಸ ಬ್ರೆಡ್ಡು ತರಲು ಹೋಗಿದ್ದೇನೆ. ಅವಳು ಬೇಗ ಬಿಡುವುದಿಲ್ಲ.

ಅಕ್ಕನಿಗೆ ಸೋಮವಾರ ವಾಪಸ್ ಬರುತ್ತೇನೆ ಎಂದು ಹೇಳಿ ಬಂದೆ. "ಬಾರೇ, ಬಾ, ಬರುವಾಗ ಬಾಣಲೆ ಮರೀಬೇಡ" ಅಂದಳು. ಬಾಣಲೆ ತಣ್ಣಗಾದ ಮೇಲೆ ಮೊಳೆಗೆ ಹಾಕು. ತೊಳೆಯಬೇಡ, ಒರೆಸಿದರೆ ಸಾಕು.

ದೆಲ್ಫಿನಾ